ಮುಖದ ಗುಂಡಿ, ಒಡಲಿನ ತಂತಿ

ಮಳೆಗಾಲ ಬಂತೆಂದರೆ ದಿನಪತ್ರಿಕೆಗಳಲ್ಲಿ ಒಂದು ಅಂಕಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಭದ್ರಾ ಜಲಾಶಯದ ಇಂದಿನ ಮಟ್ಟ ಇಷ್ಟು, ಗರಿಷ್ಠ ಮಟ್ಟ 186 ಅಡಿ. ಶಿವಮೊಗ್ಗ, ದಾವಣಗೆರೆ ಸೀಮೆಯ ರೈತರು ಬೆಳಗಿನ ಕಾಫಿಗೂ ಮೊದಲು ಹುಡುಕುವ ಅಂಕಿ ಅದು. ಆ ಜಲಾಶಯವಿರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ. 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಈ ಅಣೆಕಟ್ಟೆಯ ನೀರು ಗದ್ದೆ ತೋಟಗಳಿಗೆ ಹರಿಯುವುದಷ್ಟೇ ಅಲ್ಲ, ವಿದ್ಯುತ್ತನ್ನೂ ಕೊಡುತ್ತದೆ. ಎಲ್ಲ ಘಟಕಗಳೂ ಸೇರಿ ಅದರ ಸಾಮರ್ಥ್ಯ 39.2 ಮೆಗಾವಾಟ್.

ಇಂತಹ ಯಾವ ಜಲವಿದ್ಯುತ್ ಕೇಂದ್ರದ ನಿಯಂತ್ರಣ ಕೊಠಡಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಗೋಡೆಯಗಲದ ಒಂದು ಫಲಕ. ಅದರ ಮೇಲೆ ಬಣ್ಣಬಣ್ಣದ ಪುಟ್ಟ ದೀಪಗಳು, ಮುಳ್ಳಾಡುವ ಮಾಪಕಗಳು, ತಿರುಗಿಸುವ ಹಿಡಿಗಳು. ಹಿಡಿ ತಿರುಗಿಸುವ ನೌಕರ ನೀರನ್ನೂ ಮುಟ್ಟುವುದಿಲ್ಲ, ಸಾವಿರಾರು ವೋಲ್ಟಿನ ತಂತಿಯನ್ನೂ ಮುಟ್ಟುವುದಿಲ್ಲ. ಹಿಡಿಯ ಹಿಂದೆ ಇರುವುದು ಸಣ್ಣದೊಂದು ತಂತಿ. ಅದು ಒಯ್ಯುವುದು ಬರಿಯ ಅಪ್ಪಣೆಯನ್ನು. ಹಾಗೆಯೇ ದೀಪದ ಹಿಂದಿನ ತಂತಿ ತರುವುದು ಬರಿಯ ವರದಿಯನ್ನು. ಈ ಸಣ್ಣ ತಂತಿಗಳು ಅದಲುಬದಲಾದರೆ ಯಂತ್ರ ಸರಿಯಾಗಿಯೇ ಇದ್ದರೂ ಫಲಕ ಸುಳ್ಳು ಹೇಳತೊಡಗುತ್ತದೆ.

ಇದೇ ಏರ್ಪಾಟು ಪುಟ್ಟದಾಗಿ ಇಳಿದು ಊರೂರಿನ ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ಗ್ರಾಮ ಪಂಚಾಯಿತಿ ಕಚೇರಿಗಳ ಮೇಜಿನ ಕೆಳಗೆ ಕುಳಿತಿದೆ. ಜನ ಅದನ್ನು ಸಿಪಿಯು ಎನ್ನುತ್ತಾರೆ. ರಿಪೇರಿಯವರ ಭಾಷೆಯಲ್ಲಿ ಆ ಪೆಟ್ಟಿಗೆ ಕ್ಯಾಬಿನೆಟ್. ಸಿಪಿಯು ಎಂಬುದು ಅದರೊಳಗಿನ ಒಂದು ಬಿಲ್ಲೆಯ ಹೆಸರು ಮಾತ್ರ. ಇರಲಿ, ಊರೇ ಒಪ್ಪಿದ ಹೆಸರನ್ನು ತಿದ್ದಲು ಹೋಗುವುದು ವ್ಯರ್ಥ. ಆ ಪೆಟ್ಟಿಗೆಯ ಮುಖದಲ್ಲಿ ಒಂದು ದೊಡ್ಡ ಗುಂಡಿ, ಒಂದು ಚಿಕ್ಕ ಗುಂಡಿ, ಎರಡು ದೀಪ, ಪೆನ್‌ಡ್ರೈವ್ ಚುಚ್ಚುವ ಎರಡು ಕಿಂಡಿ, ಹೆಡ್‌ಫೋನಿಗೆ ಒಂದು ತೂತು ಇರುತ್ತವೆ. ಇವೆಲ್ಲದರ ಬೆನ್ನಿಂದ ಹೊರಟ ತೆಳ್ಳನೆಯ ತಂತಿಗಳು ಒಳಗಿನ ಮದರ್‌ಬೋರ್ಡಿಗೆ ಹೋಗಿ ಸೇರುತ್ತವೆ. ಕಂಪ್ಯೂಟರ್ ಜೋಡಿಸುವವರನ್ನು ಕೇಳಿ ನೋಡಿ, ಇಡೀ ಕೆಲಸದಲ್ಲಿ ಅತಿ ಕಿರಿಕಿರಿಯದು ಯಾವುದೆಂದು. ಹೆಚ್ಚಿನವರು ಈ ತಂತಿಗಳ ಕಡೆಗೇ ಬೆರಳು ಮಾಡುತ್ತಾರೆ.

ಒಂದು ಕಾಲಕ್ಕೆ ಗಣಕಯಂತ್ರದ ಮುಖವೆಂದರೆ ಲಕ್ಕವಳ್ಳಿಯಂತಹ ಕೇಂದ್ರದ ಫಲಕದ್ದೇ ಜಾತಿ. 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಐಬಿಎಂ 360 ಸರಣಿಯ ಯಂತ್ರದ ಮೈತುಂಬ ದೀಪ, ಸ್ವಿಚ್ಚುಗಳ ಸಾಲು. ಯಂತ್ರದ ಒಡಲಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಬಲ್ಲವರು ಆ ದೀಪಗಳಲ್ಲೇ ಓದುತ್ತಿದ್ದರು. 1975ರಲ್ಲಿ ಅಮೆರಿಕದಲ್ಲಿ ಮನೆಬಳಕೆಗೆಂದು ಬಂದ ಆಲ್ಟೇರ್ 8800 ಎಂಬ ಯಂತ್ರಕ್ಕೆ ಕೀಲಿಮಣೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂಫಲಕದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಆದೇಶಗಳನ್ನು ತುಂಬಬೇಕಿತ್ತು. ಉತ್ತರವೂ ದೀಪಗಳಲ್ಲೇ. ಕೀಲಿಮಣೆ, ಪರದೆ ಬಂದ ಮೇಲೆ ಆ ಸ್ವಿಚ್ಚುಗಳಿಗೆ ಕೆಲಸವಿಲ್ಲದೆ ಹೋಯಿತು. 1981ರ ಐಬಿಎಂ ಪಿಸಿಯಲ್ಲಿ ಚಾಲೂ ಮಾಡುವ ಸ್ವಿಚ್ಚೇ ಮುಂದಿರಲಿಲ್ಲ. ಪೆಟ್ಟಿಗೆಯ ಬಲಮಗ್ಗುಲಲ್ಲಿ, ಹಿಂಬದಿಗೆ ಹತ್ತಿರ ಇತ್ತು. ಕೆಂಪು ಬಣ್ಣದ, ಗಟ್ಟಿಯಾಗಿ ಟಕ್ಕೆನ್ನುವ ಸ್ವಿಚ್ಚು.

ಮುಖಕ್ಕೆ ಮತ್ತೆ ಕಳೆ ಬಂದದ್ದು 1984ರ ಪಿಸಿ ಎಟಿ ಮತ್ತು ಅದರ ಅಗ್ಗದ ಪಡಿಯಚ್ಚುಗಳಿಂದ. ಕೀಲಿಮಣೆಗೆ ಬೀಗ ಹಾಕಲು ಒಂದು ಕೀ, ವಿದ್ಯುತ್ತಿನ ದೀಪ, ಡಿಸ್ಕಿನ ದೀಪ, ರೀಸೆಟ್ ಗುಂಡಿ, ಟರ್ಬೊ ಗುಂಡಿ ಎಲ್ಲವೂ ಸಾಲಾಗಿ ಬಂದು ನಿಂತವು. ಟರ್ಬೊ ಎಂದರೆ ವೇಗ ಹೆಚ್ಚಿಸುವುದೆಂದು ಹೆಸರು ಹೇಳುತ್ತದೆ. ಅದರ ನಿಜವಾದ ಉಪಯೋಗ ವೇಗ ತಗ್ಗಿಸುವುದು! ಹಳೆಯ ಯಂತ್ರದ ನಿಧಾನಗತಿಗೆಂದು ಬರೆದ ಆಟಗಳು ಹೊಸದರಲ್ಲಿ ಕಣ್ಣಿಗೆ ಸಿಗದಷ್ಟು ವೇಗವಾಗಿ ಓಡುತ್ತಿದ್ದುದರಿಂದ ಯಂತ್ರಕ್ಕೆ ಲಗಾಮು ಬೇಕಾಗಿತ್ತು. ಆ ಗುಂಡಿಯ ಮೇಲ್ಗಡೆ 33, 66 ಎಂದು ಹೊಳೆಯುವ ಅಂಕಿಗಳಿರುತ್ತಿದ್ದವು. ಯಂತ್ರದ ವೇಗವನ್ನು ಅಳೆದು ತೋರಿಸುತ್ತಿವೆ ಎಂದೇ ಜನ ನಂಬಿದ್ದರು. ಆ ಅಂಕಿ ಏನನ್ನೂ ಅಳೆಯುತ್ತಿರಲಿಲ್ಲ. ಜೋಡಿಸಿದವನು ಅದರ ಬೆನ್ನಿನ ಜಂಪರುಗಳನ್ನು ಹೇಗೆ ಚುಚ್ಚಿದ್ದಾನೋ ಆ ಅಂಕಿ ಬೆಳಗುತ್ತಿತ್ತು, ಅಷ್ಟೆ. ಫಲಕ ಸುಳ್ಳು ಹೇಳಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಈ ಎಟಿ ಕಾಲದ ಕ್ಯಾಬಿನೆಟ್ಟಿನ ಮುಂಗುಂಡಿ ಅಪ್ಪಣೆಯ ಗುಂಡಿಯಾಗಿರಲಿಲ್ಲ. ಅದು ಮನೆಯ ಗೋಡೆಯ ಸ್ವಿಚ್ಚಿನ ಹಾಗೆಯೇ 230 ವೋಲ್ಟನ್ನು ನೇರವಾಗಿ ಕೂಡಿಸಿ ಕಡಿಯುವ ಸ್ವಿಚ್ಚು. ಹಿಂದಿನ ಎಸ್‌ಎಂಪಿಎಸ್ ಡಬ್ಬಿಯಿಂದ ದಪ್ಪ ಕೇಬಲ್ಲೊಂದು ಮುಖದವರೆಗೆ ಬಂದು, ಕಂದು, ನೀಲಿ, ಬಿಳಿ, ಕಪ್ಪು ನಾಲ್ಕು ತಂತಿಗಳಾಗಿ ಒಡೆದು ಗುಂಡಿಯ ಬೆನ್ನಿಗೆ ಸೇರುತ್ತಿತ್ತು. ಅವನ್ನು ತಪ್ಪಾಗಿ ಸೇರಿಸಿದರೆ ಫ್ಯೂಸ್ ಹಾರುವುದು ಅಥವಾ ಬೆರಳು ಜುಮ್ಮೆನ್ನುವುದು ಖಂಡಿತ. ಮದರ್‌ಬೋರ್ಡಿಗೆ ವಿದ್ಯುತ್ ಒಯ್ಯುವ ಪ್ಲಗ್ಗುಗಳೂ ಎರಡು, ನೋಡಲು ಅವಳಿಗಳು. ಅದಲುಬದಲಾದರೆ ಬೋರ್ಡು ಸುಟ್ಟಂತೆಯೇ. ಎರಡು ಪ್ಲಗ್ಗುಗಳ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು ಎಂಬ ಒಂದೇ ಸೂತ್ರವನ್ನು ಜೋಡಿಸುವವರು ಬಾಯಿಪಾಠ ಮಾಡಿಕೊಂಡಿದ್ದರು. ಕಪ್ಪಿಗೆ ಕಪ್ಪು.

ಆ ಸೂತ್ರ ಹರಡಿದ್ದು ಪುಸ್ತಕದಿಂದಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಪುರಭವನಕ್ಕೆ ಅಷ್ಟೇನೂ ದೂರವಿಲ್ಲದ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್, ಬಿಡಿಭಾಗ ಕೊಂಡು ಕಂಪ್ಯೂಟರ್ ಕಟ್ಟಿಸುವವರ ಸಂತೆಯಾಯಿತು. ಕಂಪನಿ ಹೆಸರಿನ ಯಂತ್ರದ ಬೆಲೆ ಕೈಗೆಟುಕದವರು ಕ್ಯಾಬಿನೆಟ್ ಒಂದಂಗಡಿಯಲ್ಲಿ, ಬೋರ್ಡು ಇನ್ನೊಂದಂಗಡಿಯಲ್ಲಿ ಕೊಂಡು, ರಾತ್ರಿ ಬಸ್ಸಿನಲ್ಲಿ ಊರಿಗೆ ಒಯ್ಯುತ್ತಿದ್ದರು. ಅವನ್ನು ಜೋಡಿಸಿಕೊಡುವ ಹುಡುಗರು ಹೆಚ್ಚಿನವರು ಇನ್ನೊಬ್ಬರ ಪಕ್ಕ ನಿಂತು ನೋಡಿ ಕಲಿತವರು. ಬೋರ್ಡಿನ ಜೊತೆಗೆ ಬರುವ ಪುಸ್ತಿಕೆ ಇಂಗ್ಲಿಷಿನಲ್ಲಿ, ಬೋರ್ಡಿನ ಮೇಲಿನ ಬರಹ ಭೂತಗನ್ನಡಿಗೂ ಕಷ್ಟವಾಗುವ ಸಂಕ್ಷಿಪ್ತ ಅಕ್ಷರಗಳಲ್ಲಿ. ಬಣ್ಣದ್ದು ಪ್ಲಸ್, ಬಿಳಿ ಅಥವಾ ಕಪ್ಪು ಮೈನಸ್ ಎಂಬಂತಹ ಮಾತುಗಳು ಬಾಯಿಂದ ಬಾಯಿಗೆ ಸಾಗಿದವು. 2001-02ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳಿಗೇ ಕಂಪ್ಯೂಟರ್ ಬಂದು, 15 ರೂಪಾಯಿಗೆ ಪಹಣಿ ಅಚ್ಚಾಗಿ ಸಿಗತೊಡಗಿತು. ಕೆಟ್ಟ ಗುಂಡಿಯೊಂದು ಇಡೀ ಸಾಲನ್ನು ಬಿಸಿಲಿನಲ್ಲಿ ನಿಲ್ಲಿಸಬಲ್ಲ ಕಾಲ ಬಂದದ್ದು ಹೀಗೆ.

ಗುಂಡಿಯ ಸ್ವಭಾವ ಬದಲಾದದ್ದು 1995ರಲ್ಲಿ. ಆ ವರ್ಷ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ಕಟ್ಟಳೆಯನ್ನು ಪ್ರಕಟಿಸಿತು. ಬೋರ್ಡಿನ ತಿರುಪು ಎಲ್ಲೆಲ್ಲಿ ಬರಬೇಕು, ಬೆನ್ನಿನ ಕಿಂಡಿಗಳು ಎಲ್ಲಿರಬೇಕು ಎಂಬುದೆಲ್ಲ ಅದರಲ್ಲಿ ನಿಗದಿಯಾಯಿತು. ಅವಳಿ ಪ್ಲಗ್ಗು ಹೋಗಿ, ಸುಲಭವಾಗಿ ತಿರುಗುಮುರುಗು ಕೂರದ 20 ಪಿನ್ನಿನ ಒಂದೇ ಪ್ಲಗ್ಗು ಬಂತು. ಮುಂಗುಂಡಿಯಿಂದ 230 ವೋಲ್ಟು ಕಾಲ್ತೆಗೆಯಿತು. ಈಗ ಗುಂಡಿ ಒತ್ತಿದರೆ ಬೋರ್ಡಿನ ಎರಡು ಪಿನ್ನುಗಳು ಕ್ಷಣಮಾತ್ರ ಒಂದನ್ನೊಂದು ಮುಟ್ಟುತ್ತವೆ. ಅದನ್ನು ಕಂಡ ಬೋರ್ಡು ಹಸಿರು ತಂತಿಯೊಂದರ ಮೂಲಕ ಎಸ್‌ಎಂಪಿಎಸ್‌ಗೆ ಹೇಳಿ ಕಳಿಸುತ್ತದೆ. ವಿದ್ಯುತ್ತು ಆಮೇಲೆ ಹರಿಯುತ್ತದೆ. ಅಣೆಕಟ್ಟೆಯ ನಿಯಂತ್ರಣ ಕೊಠಡಿಯ ಹಿಡಿಯ ಹಾಗೆ ಇದೂ ಅಪ್ಪಣೆಯ ಗುಂಡಿಯಾಯಿತು. ಆರಿಸಲು ಗುಂಡಿ ಒತ್ತಿದರೂ ಅದು ಕೋರಿಕೆ ಮಾತ್ರ. ತೆರೆದ ಕಡತಗಳನ್ನು ಮುಚ್ಚಿ ಸಾವಕಾಶವಾಗಿ ಮಲಗುವುದು ಯಂತ್ರಕ್ಕೆ ಬಿಟ್ಟದ್ದು. ಹಟ ಹಿಡಿದ ಯಂತ್ರವನ್ನು ಬಲವಂತವಾಗಿ ಆರಿಸಬೇಕಿದ್ದರೆ ಗುಂಡಿಯನ್ನು 4 ಸೆಕೆಂಡಿಗೂ ಮಿಕ್ಕಿ ಒತ್ತಿ ಹಿಡಿಯಬೇಕು.

ಅಪ್ಪಣೆ ಕೇಳಲು ಯಾರಾದರೂ ಎಚ್ಚರವಾಗಿರಬೇಕಲ್ಲ? ಅದಕ್ಕಾಗಿ ಕಂಪ್ಯೂಟರ್ ಆರಿದಾಗಲೂ ನೇರಳೆ ಬಣ್ಣದ ತಂತಿಯಲ್ಲಿ 5 ವೋಲ್ಟು ಬೋರ್ಡಿಗೆ ಹರಿಯುತ್ತಲೇ ಇರುತ್ತದೆ. ಮಲೆನಾಡಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ‘ರಾತ್ರಿ ಆಫ್ ಮಾಡಿಯೇ ಮಲಗಿದ್ದು, ಆದರೂ ಸಿಡಿಲಿಗೆ ಹೋಯಿತು’ ಎಂಬ ದೂರು ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ರಿಪೇರಿ ಅಂಗಡಿಗಳಲ್ಲಿ ಕೇಳಿಬರುವಂಥದು. ದೂರಿನವರು ಸುಳ್ಳು ಹೇಳುತ್ತಿಲ್ಲ. ಮುಂಗುಂಡಿಯಿಂದ ಆರಿಸಿದ ಯಂತ್ರಕ್ಕೂ ಗೋಡೆಯ ತಂತಿಗೂ ಸಂಬಂಧ ಕಡಿದಿರುವುದಿಲ್ಲ. ಪ್ಲಗ್ಗನ್ನೇ ಕೀಳಬೇಕು. ಪೆಟ್ಟಿಗೆ ಬಿಚ್ಚಿ ತಂತಿ ಸೇರಿಸುವಾಗಲೂ ಮೊದಲ ನಿಯಮ ಇದೇ.

ಇನ್ನು ಆ ತಂತಿಗಳ ವಿಚಾರ. ಬೋರ್ಡಿನ ಒಂದು ಅಂಚಿನಲ್ಲಿ, ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ, ಎರಡು ಸಾಲು ಪಿನ್ನುಗಳು ಒಂದರಿಂದೊಂದು 2.54 ಮಿಲಿಮೀಟರ್ ದೂರದಲ್ಲಿ ನಿಂತಿರುತ್ತವೆ. ಇಂಟೆಲ್ ಸೂಚಿಸಿದ ಏರ್ಪಾಟಿನಲ್ಲಿ ಅವು 9. ಹತ್ತನೆಯದರ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ, ದಿಕ್ಕು ತಿಳಿಯಲೆಂದು. ಒಂದು ಸಾಲಿನಲ್ಲಿ ಡಿಸ್ಕಿನ ದೀಪದ ಎರಡು ಪಿನ್ನು, ಆಮೇಲೆ ರೀಸೆಟ್ ಗುಂಡಿಯ ಎರಡು, ಕೊನೆಯಲ್ಲಿ ಬಳಕೆಗಿಲ್ಲದ ಒಂಟಿ ಪಿನ್ನು. ಎದುರು ಸಾಲಿನಲ್ಲಿ ವಿದ್ಯುತ್ ದೀಪದ ಎರಡು, ಆಮೇಲೆ ದೊಡ್ಡ ಗುಂಡಿಯ ಎರಡು, ಮತ್ತು ಆ ಖಾಲಿ ಜಾಗ. ಕ್ಯಾಬಿನೆಟ್ಟಿನ ಕಡೆಯಿಂದ ಬರುವ ಪ್ಲಗ್ಗುಗಳೋ ಅಕ್ಕಿಕಾಳಿಗಿಂತ ತುಸು ದೊಡ್ಡವು. ಗುಂಡಿಗಳ ತಂತಿಯನ್ನು ಹೇಗೆ ತಿರುಗಿಸಿ ಚುಚ್ಚಿದರೂ ನಡೆಯುತ್ತದೆ, ಏಕೆಂದರೆ ಎರಡು ಪಿನ್ನುಗಳನ್ನು ಮುಟ್ಟಿಸುವುದಷ್ಟೇ ಗುಂಡಿಯ ಕೆಲಸ. ದೀಪದ್ದು ಹಾಗಲ್ಲ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಹರಿಯಗೊಡುವ ಬಾಗಿಲು. ತಿರುಗುಮುರುಗಾದರೆ ಹೊತ್ತುವುದಿಲ್ಲ. ಸುಡುವುದೂ ಇಲ್ಲ. ತೆಗೆದು ತಿರುಗಿಸಿ ಚುಚ್ಚಿದರೆ ಮುಗಿಯಿತು.

ಹಾಗಾದರೆ ಈ ನಾಲ್ಕೂ ತಂತಿಗಳನ್ನು ಒಂದೇ ಪ್ಲಗ್ಗಿನಲ್ಲಿ ಕಟ್ಟಿ ಕೊಡಬಾರದೆ? ಕೊಡಬಹುದಿತ್ತು. ಎಟಿಎಕ್ಸ್ ಕಟ್ಟಳೆ ಬೆನ್ನಿನ ಕಿಂಡಿಗಳಿಗೂ ವಿದ್ಯುತ್ ಪ್ಲಗ್ಗಿಗೂ ತೋರಿದ ಕಾಳಜಿಯನ್ನು ಮುಖದ ತಂತಿಗಳಿಗೆ ತೋರಲಿಲ್ಲ. ಇಂಟೆಲ್ ಮುಂದೆ ಕೊಟ್ಟದ್ದು ಮಾರ್ಗದರ್ಶಿಯನ್ನು. ಅನುಸರಿಸಿದವರು ಅನುಸರಿಸಿದರು. ಕೆಲವು ಬೋರ್ಡು ತಯಾರಕರು ತಮ್ಮದೇ ಕ್ರಮ ಇಟ್ಟುಕೊಂಡರು, ಸ್ಪೀಕರಿನ ಪಿನ್ನುಗಳನ್ನೂ ಅದೇ ಗುಂಪಿಗೆ ಸೇರಿಸಿದರು, ವಿದ್ಯುತ್ ದೀಪಕ್ಕೆ ಎರಡರ ಬದಲು ಮೂರು ಪಿನ್ನಿನಷ್ಟು ಜಾಗ ಕೊಟ್ಟರು. ಒಂದೊಂದು ಬೋರ್ಡಿನದು ಒಂದೊಂದು ಕ್ರಮವಾದ್ದರಿಂದ ಕ್ಯಾಬಿನೆಟ್ ಮಾಡುವವರು ತಂತಿಗಳನ್ನು ಬಿಡಿಬಿಡಿಯಾಗಿಯೇ ಕೊಟ್ಟರು. ತಂತಿಗಳು ಬಿಡಿಯಾಗಿಯೇ ಬರುವುದರಿಂದ ಬೋರ್ಡಿನವರಿಗೆ ಒಂದೇ ಕ್ರಮಕ್ಕೆ ಬರುವ ಅಗತ್ಯ ಬೀಳಲಿಲ್ಲ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಈ ಸುತ್ತಿನಲ್ಲಿ ಮೂವತ್ತು ವರ್ಷ ಕಳೆದಿದೆ. ಇದು ಕಷ್ಟದ ಸಮಸ್ಯೆಯಲ್ಲ, ಯಾರಿಗೂ ತುರ್ತಾಗದ ಸಮಸ್ಯೆ. ಅನುಭವಿಸುವವನು ಜೋಡಿಸುವ ಹುಡುಗ, ಅವನ ಮಾತು ತೈವಾನಿನ ಕಾರ್ಖಾನೆಗೆ ಕೇಳಿಸುವುದಿಲ್ಲ.

ಇಷ್ಟು ಗೋಜಲಿನದಾದರೂ ಈ ಗುಂಪಿನಲ್ಲಿ ತಪ್ಪಿದರೆ ಆಗುವ ನಷ್ಟ ಅಲ್ಪ. ನಿಜವಾದ ಅಪಾಯವಿರುವುದು ನೋಡಲು ಸುಲಭವಾದ ಇನ್ನೊಂದು ಕಡೆ.

ಮಲೆನಾಡಿನ ಹಳೆಯ ಮನೆಗಳಲ್ಲಿ ಬಂದವರಿಗೆ ಮುಂದಿನ ಜಗಲಿ, ಮನೆಯ ಕೆಲಸಕ್ಕೆ ಹಿತ್ತಲ ಬಾಗಿಲು. ಕಂಪ್ಯೂಟರಿಗೆ ಬಹುಕಾಲ ಜಗಲಿಯೇ ಇರಲಿಲ್ಲ. ಕೀಲಿಮಣೆ, ಮುದ್ರಕ, ಪರದೆ ಎಲ್ಲವೂ ಹಿತ್ತಲಿನಿಂದಲೇ ಒಳಗೆ ಹೋಗಬೇಕು. ಒಮ್ಮೆ ಚುಚ್ಚಿದರೆ ವರ್ಷಗಟ್ಟಲೆ ತೆಗೆಯದ ವಸ್ತುಗಳಾದ್ದರಿಂದ ಅದೇ ಸರಿಯಾಗಿತ್ತು. 1996ರಲ್ಲಿ ಯುಎಸ್‌ಬಿ ಎಂಬ ಏರ್ಪಾಟು ಬಂತು. ಅದನ್ನು ರೂಪಿಸಿದ ಇಂಟೆಲ್ ತಂಡದ ಪ್ರಮುಖರಲ್ಲಿ ಅಜಯ್ ಭಟ್ ಎಂಬ ಭಾರತೀಯ ಮೂಲದ ಎಂಜಿನಿಯರ್ ಒಬ್ಬರು. ಮುಂದೆ ಪೆನ್‌ಡ್ರೈವ್ ಬಳಕೆಗೆ ಬಂದಾಗ ಪರಿಸ್ಥಿತಿ ಬದಲಾಯಿತು. ಲಗ್ನಪತ್ರಿಕೆಯ ಕರಡನ್ನು, ಅರ್ಜಿಗೆ ಹಚ್ಚುವ ಭಾವಚಿತ್ರವನ್ನು ಜನ ಜೇಬಿನಲ್ಲಿ ತರತೊಡಗಿದರು. ದಿನಕ್ಕೆ ಇಪ್ಪತ್ತು ಸಲ ಮೇಜಿನಡಿ ತೂರಿ ಹಿತ್ತಲನ್ನು ತಡಕುವವರು ಯಾರು? ಕ್ಯಾಬಿನೆಟ್ಟಿನ ಮುಖಕ್ಕೆ ಜಗಲಿ ಬಂತು.

ಆ ಜಗಲಿಯ ತಂತಿ ಗುಂಡಿಯ ತಂತಿಯಂತಲ್ಲ. ಇದರಲ್ಲಿ ನಿಜವಾದ ವಿದ್ಯುತ್ತು ಹರಿಯುತ್ತದೆ. ಕೆಂಪು ತಂತಿಯಲ್ಲಿ 5 ವೋಲ್ಟು, ಬಿಳಿ ಮತ್ತು ಹಸಿರಿನಲ್ಲಿ ಮಾಹಿತಿ, ಕಪ್ಪಿನಲ್ಲಿ ಹಿಂದಿರುಗುವ ದಾರಿ. ಒಂದು ಕಿಂಡಿಗೆ ನಾಲ್ಕು, ಎರಡು ಕಿಂಡಿಗೆ ಎಂಟು. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಈ ಎಂಟೂ ಒಂಟಿ ಒಂಟಿ ಪ್ಲಗ್ಗುಗಳಾಗಿ ನೇತಾಡುತ್ತಿದ್ದವು. ಸಾಲು ತಿರುಗುಮುರುಗಾಗಿ ಕೆಂಪಿನ ಜಾಗಕ್ಕೆ ಕಪ್ಪು ಹೋಯಿತೆಂದರೆ ಮೇಲಕ್ಕೆ ಏನೂ ಕಾಣುವುದಿಲ್ಲ. ಕಂಪ್ಯೂಟರ್ ಚಾಲೂ ಆಗುತ್ತದೆ, ದೀಪಗಳು ಸರಿಯಾಗಿಯೇ ಹೊತ್ತುತ್ತವೆ. ಗಿರಾಕಿಯೊಬ್ಬ ಬಂದು ಪೆನ್‌ಡ್ರೈವ್ ಚುಚ್ಚುವವರೆಗೂ ಎಲ್ಲ ಸುಸೂತ್ರ. ಚುಚ್ಚಿದ ಮೇಲೆ ಅದರ ಮೈ ಬಿಸಿಯಾಗುತ್ತದೆ, ಆಮೇಲೆ ಅದು ಯಾವ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ಹೋದದ್ದು ಕೆಲವು ನೂರು ರೂಪಾಯಿಯ ವಸ್ತುವಲ್ಲ, ಅದರೊಳಗಿನ ಭಾವಚಿತ್ರ, ಕಾಗದಪತ್ರ. ಎರಡನೆಯ ಪ್ರತಿ ಇಟ್ಟುಕೊಳ್ಳುವ ಅಭ್ಯಾಸವಿಲ್ಲದವರಿಗೆ ಅದು ತುಂಬಲಾರದ ನಷ್ಟ.

ಈ ತಪ್ಪಿಗೆ ಕಂಡುಕೊಂಡ ಪರಿಹಾರ ಸರಳವೂ ಸೊಗಸಾದದ್ದೂ ಆಗಿದೆ. ಹತ್ತು ಪಿನ್ನಿನ ಜಾಗದಲ್ಲಿ ಒಂಬತ್ತನೆಯದನ್ನು ಕಿತ್ತು, ಪ್ಲಗ್ಗಿನಲ್ಲಿ ಅದೇ ತೂತನ್ನು ಮುಚ್ಚಿದರು. ತಿರುಗಿಸಿ ಚುಚ್ಚಲು ಹೋದರೆ ಮುಚ್ಚಿದ ತೂತಿಗೆ ಪಿನ್ನು ತಾಗಿ ಪ್ಲಗ್ಗು ಕೂರುವುದೇ ಇಲ್ಲ. ಹೆಡ್‌ಫೋನಿನ ಪ್ಲಗ್ಗಿಗೂ ಹತ್ತೇ ಜಾಗ, ಆದರೆ ಅಲ್ಲಿ ಇಲ್ಲದಿರುವುದು ಎಂಟನೆಯದು. ಹೀಗಾಗಿ ಒಂದರದು ಇನ್ನೊಂದಕ್ಕೆ ಹೋಗುವುದಿಲ್ಲ. ಇಷ್ಟು ಜಾಣತನ ತೋರಿದವರೇ ಒಂದು ಕಡೆ ಎಡವಿದರು. ಫೈರ್‌ವೈರ್ ಎಂಬ ಇನ್ನೊಂದು ಬಗೆಯ ಕಿಂಡಿಗೂ ಒಂಬತ್ತನೆಯ ಪಿನ್ನನ್ನೇ ಕಿತ್ತರು. ಟೇಪಿನ ಕ್ಯಾಮೆರಾದಲ್ಲಿ ಹಿಡಿದ ಮದುವೆಯ ವೀಡಿಯೊವನ್ನು ಕಂಪ್ಯೂಟರಿಗೆ ಇಳಿಸಲು 2000ದ ದಶಕದ ಸ್ಟುಡಿಯೋಗಳಿಗೆ ಆ ಕಿಂಡಿ ಬೇಕೇಬೇಕಿತ್ತು. ಅದರ ಪಿನ್ನುಗಳಲ್ಲಿದ್ದದ್ದು 12 ವೋಲ್ಟು. ಬೋರ್ಡಿನ ಮೇಲೆ ಒಂದೇ ಆಕಾರದ ಎರಡು ಗುಂಪುಗಳು, ಒಂದರಲ್ಲಿ 5, ಇನ್ನೊಂದರಲ್ಲಿ 12. ಯುಎಸ್‌ಬಿ ಪ್ಲಗ್ಗು ಫೈರ್‌ವೈರಿನ ಮೇಲೆ ಮೆತ್ತಗೆ ಕೂರುತ್ತಿತ್ತು. ಬೆರಳಿಗೆ ತಪ್ಪು ತಿಳಿಯುವಂತೆಯೇ ಇರಲಿಲ್ಲ. ಓದದೆ ಚುಚ್ಚಿದವರ ಪೆನ್‌ಡ್ರೈವೂ ಕೆಲವೊಮ್ಮೆ ಬೋರ್ಡೂ ಬಲಿಯಾದವು. ತೆರೆದ ತೂತೆಲ್ಲ ಸರಿಯಾದ ತೂತಲ್ಲವೆಂದು ಬೋರ್ಡಿನ ಮೇಲಿನ ಅಕ್ಷರಗಳನ್ನು ಓದುವ ಅಭ್ಯಾಸ ಹಲವರಿಗೆ ಹತ್ತಿದ್ದು ಆಮೇಲೆ.

ಶಬ್ದದ ತಂತಿಯದು ಬೇರೆಯೇ ತಮಾಷೆ. 1997ರ ಎಸಿ 97 ಪದ್ಧತಿಯಲ್ಲಿ ಹಾಡು ಮೊದಲು ಮುಂದಿನ ತೂತಿಗೆ ಬಂದು, ಅಲ್ಲಿ ಹೆಡ್‌ಫೋನ್ ಇಲ್ಲದಿದ್ದರೆ ಹಿಂತಿರುಗಿ ಬೆನ್ನಿನ ಸ್ಪೀಕರಿಗೆ ಹೋಗುತ್ತಿತ್ತು. ಮುಂದಿನ ತಂತಿ ಬೇಡವೆಂದರೆ ಬೋರ್ಡಿನ ಮೇಲಿನ ಎರಡು ಪುಟ್ಟ ಜಂಪರುಗಳು ಹಿಂತಿರುಗುವ ದಾರಿಯನ್ನು ಕೂಡಿಸಿಕೊಟ್ಟಿರುತ್ತಿದ್ದವು. ಅವೇನೋ ಎಂದು ಕಿತ್ತೆಸೆದರೆ ಸ್ಪೀಕರ್ ಮೂಕ. ಸ್ಪೀಕರನ್ನೇ ಬದಲಿಸಿ, ತಂತ್ರಾಂಶವನ್ನೆಲ್ಲ ಹೊಸದಾಗಿ ಹಾಕಿ ದಿನವಿಡೀ ಹೆಣಗಿದರೂ ಫಲವಿಲ್ಲ. 2004ರಲ್ಲಿ ಬಂದ ಎಚ್‌ಡಿ ಆಡಿಯೊದಲ್ಲಿ ಈ ಸುತ್ತುದಾರಿ ಇಲ್ಲ. ಆದರೂ ಬಹಳ ವರ್ಷ ಕ್ಯಾಬಿನೆಟ್ಟುಗಳ ಕೇಬಲ್ಲಿನ ತುದಿಯಲ್ಲಿ ಎರಡೂ ಬಗೆಯ ಪ್ಲಗ್ಗುಗಳು ಜೊತೆಯಾಗಿ ಬರುತ್ತಿದ್ದವು. ಎರಡರಲ್ಲಿ ಒಂದನ್ನು ಮಾತ್ರ ಚುಚ್ಚಬೇಕು. ಇನ್ನೊಂದು ನೇತಾಡುತ್ತಿದ್ದರೆ ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆಂದು ಮಾಲೀಕರು ಶಂಕಿಸುವುದು ಬೇಡ.

2008ರ ಯುಎಸ್‌ಬಿ 3.0ಗೆ 19 ಪಿನ್ನಿನ ನೀಲಿ ಪ್ಲಗ್ಗು. ತಪ್ಪಾಗಿ ಕೂರುವುದಿಲ್ಲ ನಿಜ, ಆದರೆ ಕೇಬಲ್ಲು ದಪ್ಪ, ಒರಟು. ಒಂದು ಕಡೆ ವಾಲಿಸಿ ಕಿತ್ತರೆ ಕೂದಲೆಳೆಯಂತಹ ಪಿನ್ನುಗಳು ಬಾಗುತ್ತವೆ, ಬುಡಸಹಿತ ಕಿತ್ತುಬಂದದ್ದೂ ಉಂಟು. ಈಚಿನ ಟೈಪ್-ಸಿ ಕಿಂಡಿಯ ಪ್ಲಗ್ಗಿನಲ್ಲಿ ಹೊರಚಾಚಿದ ಪಿನ್ನುಗಳೇ ಇಲ್ಲದ್ದರಿಂದ ಆ ಭಯ ತಪ್ಪಿದೆ. ದೊಡ್ಡ ಪ್ಲಗ್ಗುಗಳೆಲ್ಲ ಹೀಗೆ ಒಂದೊಂದಾಗಿ ಶಿಸ್ತಿಗೆ ಬಂದವು. ಅಕ್ಕಿಕಾಳಿನ ಗಾತ್ರದ ಆ ಬಿಡಿ ಪ್ಲಗ್ಗುಗಳು ಮಾತ್ರ ಇಂದಿಗೂ ಹೆಚ್ಚಿನ ಕ್ಯಾಬಿನೆಟ್ಟುಗಳಲ್ಲಿ ಹಾಗೆಯೇ ಇವೆ. ಕೆಲವು ತಯಾರಕರು ಮಧ್ಯೆ ಒಂದು ಪುಟ್ಟ ಅಡ್ಡಪಟ್ಟಿ ಕೊಡುತ್ತಾರೆ. ಬೆಳಕಿನಲ್ಲಿ ಕುಳಿತು ಬಿಡಿ ತಂತಿಗಳನ್ನೆಲ್ಲ ಅದಕ್ಕೆ ಚುಚ್ಚಿ, ಆಮೇಲೆ ಇಡಿಯಾಗಿ ಬೋರ್ಡಿಗೆ ಕೂರಿಸಿದರಾಯಿತು.

ಬಿಡಿಯಾಗಿರುವುದರಿಂದ ಒಂದು ಲಾಭವೂ ಇದೆ. ದಿನವೂ ಒತ್ತಿ ಒತ್ತಿ ಮೊದಲು ಸವೆಯುವುದು ದೊಡ್ಡ ಗುಂಡಿ. ಪಕ್ಕದ ರೀಸೆಟ್ ಗುಂಡಿ ವರ್ಷಕ್ಕೊಮ್ಮೆ ಒತ್ತಿಸಿಕೊಂಡರೆ ಹೆಚ್ಚು. ಎರಡರ ಕೆಲಸವೂ ಎರಡು ಪಿನ್ನು ಮುಟ್ಟಿಸುವುದೇ ಆದ್ದರಿಂದ, ರಿಪೇರಿಯವರು ಮೊದಲು ಸ್ಕ್ರೂಡ್ರೈವರಿನ ತುದಿಯಿಂದ ಆ ಎರಡು ಪಿನ್ನುಗಳನ್ನು ಮುಟ್ಟಿಸಿ ನೋಡುತ್ತಾರೆ. ಯಂತ್ರ ಎದ್ದರೆ ಬೋರ್ಡು ಸರಿಯಿದೆ, ಕೆಟ್ಟಿರುವುದು ಗುಂಡಿ ಎಂದರ್ಥ. ಹೊಸ ಕ್ಯಾಬಿನೆಟ್ ಬೇಕಿಲ್ಲ. ರೀಸೆಟ್ಟಿನ ತಂತಿಯನ್ನು ಕಿತ್ತು ದೊಡ್ಡ ಗುಂಡಿಯ ಪಿನ್ನಿಗೆ ಚುಚ್ಚಿ ಕಳಿಸುತ್ತಾರೆ. ಅಂದಿನಿಂದ ಚಿಕ್ಕ ಗುಂಡಿಯೇ ದೊಡ್ಡದರ ಕೆಲಸ ಮಾಡುತ್ತದೆ. ಬಂದವರಿಗೆ ತಿಳಿಯಲೆಂದು ಅದರ ಪಕ್ಕದಲ್ಲಿ ‘ಇದನ್ನು ಒತ್ತಿ’ ಎಂಬ ಚೀಟಿ ಅಂಟಿಸಿರುವುದೂ ಉಂಟು.